ಹೊಸ 4ಜಿ ಟ್ರ್ಯಾಕರ್ ಹಾಕಿದ ಮೇಲೆ ಗಾಡಿ ಕಾಣೆಯಾದರೆ: ಡಬ್ಬಿ ಬಿಚ್ಚುವ ಮುಂಚೆ ಬ್ಯಾಂಡ್ ನೋಡಿ

"ಹಳೇ ಡಬ್ಬಿನೇ ಛಲೋ ಇತ್ತು ನೋಡ್ರಿ. ಹೊಸಾದು ಹಾಕಿಸಿದ ಮ್ಯಾಲ ಗಾಡಿ ಎಲ್ಲದ ಅಂತನೇ ತಿಳೀವಲ್ದು."

ಕಲಬುರಗಿಯ ದಾಲ್ ಮಿಲ್ಲಿಗೆ ತೊಗರಿ ಸಾಗಿಸುವ ಒಬ್ಬ ಲಾರಿ ಮಾಲಕರ ದೂರು ಇದು. ಡಬ್ಬಿ ಅಂದರೆ ಗಾಡಿ ಎಲ್ಲಿದೆ ಅಂತ ಮ್ಯಾಪ್ ಮೇಲೆ ತೋರಿಸುವ ಟ್ರ್ಯಾಕರ್. ಲಾರಿ ಚಿಂಚೋಳಿ ದಾಟಿ ಕುಂಚಾವರಂ ಕಡೆಯ ಹಳ್ಳಿಗಳಿಗೆ ಹೋಗಿ ಮಾಲು ತುಂಬಿಕೊಂಡು ಬರಬೇಕು. ಪ್ರತಿ ಸಲವೂ ಚಿಂಚೋಳಿ ಆದ ಮೇಲೆ ಒಂದು ತಿರುವಿನಲ್ಲಿ ಮ್ಯಾಪ್ ಮೇಲಿನ ಗಾಡಿ ನಿಂತುಬಿಡುತ್ತಿತ್ತು. ಸುಮಾರು 50 ನಿಮಿಷ ಬಿಟ್ಟು ಇನ್ನೆಲ್ಲೋ ಧುತ್ತೆಂದು ಕಾಣಿಸುತ್ತಿತ್ತು. ಹಳೇ 2ಜಿ ಡಬ್ಬಿ ಇದ್ದಾಗ ಈ ಕಾಟ ಇರಲಿಲ್ಲ. ಮಾಲಕರು ಆಗಲೇ ತೀರ್ಮಾನಕ್ಕೆ ಬಂದಿದ್ದರು: ಡ್ರೈವರ್ ವೈರ್ ಕೀಳುತ್ತಾನೆ, ಆ 50 ನಿಮಿಷದಲ್ಲಿ ಡೀಸೆಲ್ಲೋ ತೊಗರಿಯೋ ಇಳಿಯುತ್ತದೆ. ಟ್ರ್ಯಾಕರ್ ರಿಪೇರಿ ಮಾಡುವ ನನ್ನಿಂದ ಅವರಿಗೆ ಬೇಕಿದ್ದದ್ದು ವೈರ್ ಕೀಳಲಾಗದ ಹಾಗೆ ಒಂದು ಕಬ್ಬಿಣದ ಪೆಟ್ಟಿಗೆ. ಪಕ್ಕದಲ್ಲೇ ನಿಂತಿದ್ದ ಡ್ರೈವರ್, "ನಾ ವೈರ್ ಮುಟ್ಟಿಲ್ರಿ" ಅಂತ ಒಂದೇ ಮಾತು ಹೇಳಿ ಸುಮ್ಮನಾದ.

ಕಬ್ಬಿಣದ ಪೆಟ್ಟಿಗೆ ಮಾಡಿಕೊಟ್ಟಿದ್ದರೆ ಇದ್ದಬದ್ದ ಸಿಗ್ನಲ್ಲೂ ಹೋಗುತ್ತಿತ್ತು! ಈ ದೋಷ ಹುಡುಕಿದ ದಾರಿಯನ್ನು ಬರೆದಿಡುತ್ತಿದ್ದೇನೆ. ನಮ್ಮ ಮೂರು ಜಿಲ್ಲೆಗಳಲ್ಲಿ, ಅಂದರೆ ಕಲಬುರಗಿ, ಬೀದರ್, ಯಾದಗಿರಿಯಲ್ಲಿ, ಹಳ್ಳಿ ರೂಟಿನ ಗಾಡಿ ಇಟ್ಟವರಿಗೆ ಇದು ಇವತ್ತಲ್ಲ ನಾಳೆ ಎದುರಾಗುವ ಸಮಸ್ಯೆ.

ಜಿಪಿಎಸ್ ಹೋಯಿತೋ, ನೆಟ್‌ವರ್ಕ್ ಹೋಯಿತೋ?

"ಜಿಪಿಎಸ್ ಬಂದಾಗಿದೆ" ಅಂತ ಬರುವ ದೂರುಗಳಲ್ಲಿ ಜಾಸ್ತಿ ಪಾಲು ಜಿಪಿಎಸ್‌ದು ಆಗಿರುವುದಿಲ್ಲ. ಡಬ್ಬಿಯೊಳಗೆ ಎರಡು ರೇಡಿಯೋ ಇವೆ. ಒಂದು ಉಪಗ್ರಹದ ಮಾತು ಕೇಳಿ ತಾನು ಎಲ್ಲಿದ್ದೇನೆ ಅಂತ ಲೆಕ್ಕ ಹಾಕುತ್ತದೆ. ಅದಕ್ಕೆ ಟವರ್ ಬೇಡ, ತಲೆ ಮೇಲೆ ಆಕಾಶ ಕಂಡರೆ ಸಾಕು. ಇನ್ನೊಂದು ಮೊಬೈಲ್ ಮೋಡೆಂ. ಲೆಕ್ಕ ಹಾಕಿದ ಜಾಗವನ್ನು ಸರ್ವರ್‌ಗೆ ಕಳಿಸುವುದು ಅದರ ಕೆಲಸ. ಮೊದಲನೆಯದು ಸತ್ತರೆ ಗಾಡಿ ತಪ್ಪು ಜಾಗದಲ್ಲಿ ಕಾಣುತ್ತದೆ, ಇಲ್ಲವೇ ಹಳೇ ಜಾಗವನ್ನೇ ಹಿಡಿದುಕೊಂಡು ಹೊಸ ಹೊಸ ಪ್ಯಾಕೆಟ್ (ಡಬ್ಬಿ ಒಂದೊಂದು ಸಲ ಕಳಿಸುವ ಮಾಹಿತಿಯ ತುಣುಕು) ಬರುತ್ತಿರುತ್ತವೆ. ಎರಡನೆಯದು ಸತ್ತರೆ ಪ್ಯಾಕೆಟ್ಟೇ ಬರುವುದಿಲ್ಲ.

ಗುರುತಿಸುವುದು ಸುಲಭ. ಸರ್ವರ್‌ನಲ್ಲಿ ಪ್ರತಿ ಪ್ಯಾಕೆಟ್‌ಗೂ ಎರಡು ಸಮಯ ಇರುತ್ತವೆ. ಡಬ್ಬಿ ಬರೆದ ಸಮಯ ಒಂದು, ಸರ್ವರ್‌ಗೆ ತಲುಪಿದ ಸಮಯ ಇನ್ನೊಂದು. ಎರಡಕ್ಕೂ ಐದಾರು ಸೆಕೆಂಡ್ ವ್ಯತ್ಯಾಸ ಇದ್ದರೆ ಅದು ಲೈವ್. ಮುಕ್ಕಾಲು ಗಂಟೆ ವ್ಯತ್ಯಾಸ ಇದ್ದರೆ ಡಬ್ಬಿ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಆಮೇಲೆ ಕಳಿಸಿದೆ ಎಂದರ್ಥ. ಬಸ್ಸು, ಕ್ಯಾಬ್‌ಗಳಿಗೆ ಹಾಕುವ ಎಐಎಸ್ 140 ಎಂಬ ಸರ್ಕಾರಿ ಮಾನದಂಡದ ಡಬ್ಬಿಯಾದರೆ ಪ್ಯಾಕೆಟ್ ಒಳಗೇ ಎಲ್ ಅಥವಾ ಎಚ್ ಅಂತ ಒಂದು ಅಕ್ಷರ ಇರುತ್ತದೆ. ಎಲ್ ಅಂದರೆ ಲೈವ್, ಎಚ್ ಅಂದರೆ ಹಿಸ್ಟರಿ.

ಒಂದು ಎಚ್ಚರಿಕೆ. ಡಬ್ಬಿ ಸಮಯ ಬರೆಯುವುದು ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ. ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಕಚ್ಚಾ ಲಾಗ್‌ನಲ್ಲಿ 4:10 ಅಂತ ಇದ್ದರೆ ಅದು ನಮ್ಮ ಬೆಳಿಗ್ಗೆ 9:40. ಇದು ಗೊತ್ತಿಲ್ಲದೆ "ಬೆಳಗಿನ ಜಾವ ನಾಲ್ಕಕ್ಕೆ ಗಾಡಿ ಯಾಕೆ ಓಡಿಸಿದೆ" ಅಂತ ಡ್ರೈವರ್‌ಗೆ ಬೈದವರನ್ನು ನಾನೇ ನೋಡಿದ್ದೇನೆ.

ಈ ಲಾರಿಯ ಹಿಸ್ಟರಿ ತೆಗೆದೆ. ಆ 50 ನಿಮಿಷದ ಪ್ಯಾಕೆಟ್‌ಗಳು ಎಲ್ಲವೂ ಇದ್ದವು, 30 ಸೆಕೆಂಡಿಗೆ ಒಂದರಂತೆ. ಇಗ್ನಿಷನ್ ಆನ್. ಲಾರಿ ಬ್ಯಾಟರಿಯ ವೋಲ್ಟೇಜ್ ಉದ್ದಕ್ಕೂ 27ರ ಆಸುಪಾಸು. 24 ವೋಲ್ಟಿನ ಲಾರಿ ಓಡುತ್ತಿರುವಾಗ ಇರಬೇಕಾದದ್ದೇ ಅದು. ವೈರ್ ಕಿತ್ತಿದ್ದರೆ ಈ ಅಂಕಿ ಸೊನ್ನೆಗೆ ಬೀಳಬೇಕಿತ್ತು. ವೇಗವೂ ಎಲ್ಲೂ ಹತ್ತು ನಿಮಿಷ ಸೊನ್ನೆಯಾಗಿರಲಿಲ್ಲ. ಮಾಲಕರು ಲೈವ್ ಪರದೆ ಮಾತ್ರ ನೋಡುತ್ತಿದ್ದರು. ಒಂದು ರಾತ್ರಿ ಹಿಸ್ಟರಿ ತೆಗೆದಿದ್ದರೂ ಗಾಡಿ ಹೋದ ಗೆರೆ ಪೂರ್ತಿ ಸಿಗುತ್ತಿತ್ತು.

ಡ್ರೈವರ್ ಕೇಸು ಅಲ್ಲಿಗೇ ಮುಗಿಯಿತು. ಡಬ್ಬಿಯ ಕೇಸು ಉಳಿಯಿತು.

ಡೊಳ್ಳು ಮತ್ತು ಶಹನಾಯಿ

ಡಬ್ಬಿಯ ದೋಷ ತಿಳಿಯಲು ಮೊದಲು ಬ್ಯಾಂಡ್ ಅಂದರೇನು ಅಂತ ಗೊತ್ತಿರಬೇಕು. ಟವರ್ ಮತ್ತು ಮೋಡೆಂ ಮಾತಾಡುವ ಫ್ರೀಕ್ವೆನ್ಸಿಯ ಒಂದೊಂದು ತುಂಡಿಗೆ ಬ್ಯಾಂಡ್ ಅನ್ನುತ್ತಾರೆ. ಕಡಿಮೆ ಫ್ರೀಕ್ವೆನ್ಸಿ ಅಂದರೆ ಇಲ್ಲಿ 1000 ಮೆಗಾಹರ್ಟ್ಸ್‌ಗಿಂತ ಕೆಳಗಿನದು ಅಂತ ಇಟ್ಟುಕೊಳ್ಳಿ. ನಮ್ಮ ದೇಶದಲ್ಲಿ ಮೊಬೈಲ್‌ಗೆ ಬಳಸುವ ಅಂಥ ಬ್ಯಾಂಡ್‌ಗಳು ಮುಖ್ಯವಾಗಿ ಮೂರು: 700, 850, 900. ಇವಕ್ಕೆ ನಂಬರ್ ಕೂಡ ಇದೆ. 700 ಎಂದರೆ ಬ್ಯಾಂಡ್ 28, 850 ಎಂದರೆ ಬ್ಯಾಂಡ್ 5, 900 ಎಂದರೆ ಬ್ಯಾಂಡ್ 8. ಮೇಲಿನವು 1800 (ಬ್ಯಾಂಡ್ 3), 2100 (ಬ್ಯಾಂಡ್ 1), 2300 (ಬ್ಯಾಂಡ್ 40), 2500 (ಬ್ಯಾಂಡ್ 41). ಈ ನಂಬರ್‌ಗಳಲ್ಲಿ ಯಾವ ಕ್ರಮವೂ ಇಲ್ಲ, ಅರ್ಥ ಹುಡುಕಲು ಹೋಗಬೇಡಿ. ಬರೆದಿಟ್ಟುಕೊಳ್ಳಿ ಅಷ್ಟೇ.

ಶರಣಬಸವೇಶ್ವರ ಜಾತ್ರೆಯಲ್ಲಿ ಒಂದು ಓಣಿ ಆಚೆ, ಮನೆಗಳ ಹಿಂದೆ ನಿಂತು ಕೇಳಿ. ಡೊಳ್ಳಿನ ಸದ್ದು ಬರುತ್ತದೆ, ಶಹನಾಯಿ ಬರುವುದಿಲ್ಲ. ದಪ್ಪ ಸ್ವರದ ಅಲೆ ಉದ್ದ. ಅದು ಗೋಡೆಯ ಅಂಚಿನಲ್ಲಿ ಬಾಗಿ ಈಚೆ ಬರುತ್ತದೆ. ಸಣ್ಣ ಸ್ವರದ ಅಲೆ ಚಿಕ್ಕದು, ಗೋಡೆಗೆ ಬಡಿದು ಅಲ್ಲೇ ಉಳಿಯುತ್ತದೆ. ರೇಡಿಯೋ ಅಲೆಯದೂ ಇದೇ ಸ್ವಭಾವ. 900 ಮೆಗಾಹರ್ಟ್ಸ್‌ನ ಅಲೆ ಸುಮಾರು 33 ಸೆಂಟಿಮೀಟರ್ ಉದ್ದ, 2300ರದು ಸುಮಾರು 13 ಸೆಂಟಿಮೀಟರ್. ಗುಡ್ಡದ ನೆತ್ತಿ ಹತ್ತಿ ಆ ಕಡೆ ಇಳಿಯುವಾಗ, ಗಿಡಮರದ ನಡುವೆ ಹೋಗುವಾಗ ಗೆಲ್ಲುವುದು ಉದ್ದನೆಯ ಅಲೆ.

ಬಯಲಲ್ಲೂ ವ್ಯತ್ಯಾಸ ಇದೆ. ಒಂದೇ ಥರದ ಆಂಟೆನಾ, ಅದೇ ದೂರ, ಅದೇ ಪವರ್ ಇಟ್ಟುಕೊಂಡು ಲೆಕ್ಕ ಹಾಕಿ. 1800ಕ್ಕಿಂತ 850ರಲ್ಲಿ ಸುಮಾರು 6.5 ಡಿಬಿ (ಡೆಸಿಬೆಲ್, ಸಿಗ್ನಲ್ ಬಲ ಹೋಲಿಸುವ ಅಳತೆ) ಜಾಸ್ತಿ ಸಿಗುತ್ತದೆ, ಅಂದರೆ ನಾಲ್ಕೂವರೆ ಪಟ್ಟು. 2300ಕ್ಕೆ ಹೋಲಿಸಿದರೆ ಸುಮಾರು 8.6 ಡಿಬಿ, ಏಳು ಪಟ್ಟು. ಗಾಳಿ ಮೇಲಿನ ಫ್ರೀಕ್ವೆನ್ಸಿಯನ್ನು ನುಂಗುತ್ತದೆ ಅಂತ ಕೆಲವರು ಹೇಳುತ್ತಾರೆ. ಈ ದೂರಗಳಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಮಳೆ ಎಲ್ಲ ಕಡೆ ಒಂದೇ, ಹಿಡಿಯುವ ಪಾತ್ರೆ ಬೇರೆ. ಅಲೆ ಉದ್ದವಾದಷ್ಟೂ ಆಂಟೆನಾ ಎಂಬ ತಟ್ಟೆ ಅಗಲವಾಗುತ್ತದೆ.

ಹಾಗಾದರೆ ಎಲ್ಲ ಕಡೆ ಕಡಿಮೆ ಫ್ರೀಕ್ವೆನ್ಸಿಯನ್ನೇ ಯಾಕೆ ಬಳಸುವುದಿಲ್ಲ? ಅಲ್ಲಿ ಜಾಗ ಕಡಿಮೆ. ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತ ಸಾವಿರಾರು ಜನ ವಿಡಿಯೋ ನೋಡಬೇಕು. ಅದಕ್ಕೆ 2300, 2500ರ ಅಗಲವಾದ ರಸ್ತೆಗಳೇ ಬೇಕು. ಟ್ರ್ಯಾಕರ್‌ಗೆ ಆ ಅಗಲ ಬೇಡ. ಅದರ ಒಂದು ಪ್ಯಾಕೆಟ್ ಎಷ್ಟಿದ್ದೀತು? ಇನ್ನೂರು ಮುನ್ನೂರು ಅಕ್ಷರ. ಅಗಲಕ್ಕಿಂತ ತಲುಪುವುದು ಮುಖ್ಯ. ಊರಲ್ಲಿ ಟವರ್ ಹತ್ತಿರ ಹತ್ತಿರ ಇರುವುದರಿಂದ ಯಾವ ಬ್ಯಾಂಡ್ ಆದರೂ ನಡೆಯುತ್ತದೆ. ಚಿಂಚೋಳಿ ವನ್ಯಜೀವಿ ಧಾಮದ ಇಳಿಜಾರಿನಲ್ಲಿ, ಶಹಾಬಾದ್ ಕಲ್ಲಿನ ಗಣಿಯ ತಗ್ಗಿನಲ್ಲಿ, ನಾರಾಯಣಪುರ ಕಾಲುವೆ ದಾರಿಯಲ್ಲಿ ಕೈಗೆ ಸಿಗುವುದು ಬಹಳ ಸಲ ಕೆಳಗಿನ ಬ್ಯಾಂಡ್ ಒಂದೇ.

ಹಳೇ ಡಬ್ಬಿ ಯಾಕೆ ಚೆನ್ನಾಗಿತ್ತು ಅಂತ ಈಗ ಹೊಳೆದಿರಬೇಕು. ಅದು 900ರ 2ಜಿಯಲ್ಲಿ ಮಾತಾಡುತ್ತಿತ್ತು. ತಂತ್ರಜ್ಞಾನ ಹಳೇದು, ಆದರೆ ಡೊಳ್ಳಿನ ದನಿ. ಹೊಸದು ಹಾಕಿದಾಗ ಸಿಮ್ಮೂ ಬದಲಾಗಿತ್ತು, ಮೋಡೆಮ್ಮೂ ಬದಲಾಗಿತ್ತು.

ಫೋನ್‌ನಲ್ಲಿ ಕಡ್ಡಿ ಇದೆಯಲ್ಲ!

ಮಾಲಕರ ಮುಂದಿನ ಪ್ರಶ್ನೆ ಇದೇ. "ಅದೇ ಕಂಪನಿ ಸಿಮ್ ನನ್ನ ಫೋನ್ದಾಗ ಅದ. ಅಲ್ಲಿ ಎರಡು ಕಡ್ಡಿ ಬರ್ತಾವ."

ನ್ಯಾಯವಾದ ಪ್ರಶ್ನೆ. ಆದರೆ ಫೋನ್‌ಗೂ ಡಬ್ಬಿಗೂ ಕಿವಿ ಬೇರೆ. ಇಲ್ಲಿ ಮಾರುವ ಫೋನ್ ನಮ್ಮ ದೇಶದ ಬ್ಯಾಂಡ್‌ಗಳನ್ನು ಸಾಮಾನ್ಯವಾಗಿ ಎಲ್ಲವನ್ನೂ ಕೇಳುತ್ತದೆ. ಟ್ರ್ಯಾಕರ್ ಮೋಡೆಂಗಳನ್ನು ಯುರೋಪಿಗೆ ಒಂದು, ಅಮೆರಿಕಕ್ಕೆ ಒಂದು, ಏಷ್ಯಾಕ್ಕೆ ಒಂದು ಅಂತ ಬೇರೆ ಬೇರೆಯಾಗಿ ಮಾಡುತ್ತಾರೆ. ಎಲ್ಲದರ ಮೇಲೂ 4ಜಿ ಅಂತಲೇ ಬರೆದಿರುತ್ತದೆ.

ಆದ್ದರಿಂದ ಫೋನ್‌ನಲ್ಲಿ ಕಡ್ಡಿ ಎಣಿಸಬೇಡಿ, ಬ್ಯಾಂಡ್ ನೋಡಿ. ನೆಟ್‌ವರ್ಕ್ ವಿವರ ತೋರಿಸುವ ಆ್ಯಪ್‌ಗಳು ಪ್ಲೇ ಸ್ಟೋರ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಡಬ್ಬಿಯಲ್ಲಿರುವ ಕಂಪನಿಯದೇ ಸಿಮ್ ಹಾಕಿದ ಫೋನ್ ಹಿಡಿದು ಗಾಡಿ ಕಾಣೆಯಾಗುವ ಜಾಗಕ್ಕೇ ಹೋಗಬೇಕು. ಅಂಗಡಿಯಲ್ಲಿ ಕೂತು ಈ ಪರೀಕ್ಷೆ ಆಗುವುದಿಲ್ಲ. ಫೋನ್ ಅನ್ನು 4ಜಿ ಮಾತ್ರ ಅಂತ ಸೆಟ್ ಮಾಡಿಕೊಳ್ಳಿ. ಇಲ್ಲದಿದ್ದರೆ ಅದು 5ಜಿಗೆ ಹಾರಿ ನಿಮ್ಮ ದಾರಿ ತಪ್ಪಿಸುತ್ತದೆ. ಕೆಲವು ಆ್ಯಪ್ ಬ್ಯಾಂಡ್ ನಂಬರ್ ಹೇಳುವುದಿಲ್ಲ, ಇಯರ್‌ಎಫ್‌ಸಿಎನ್ ಎಂಬ ಚಾನೆಲ್ ನಂಬರ್ ತೋರಿಸುತ್ತವೆ. ಅದು 1200ರಿಂದ 1949ರೊಳಗೆ ಇದ್ದರೆ ಬ್ಯಾಂಡ್ 3. 2400ರಿಂದ 2649 ಬ್ಯಾಂಡ್ 5. 3450ರಿಂದ 3799 ಬ್ಯಾಂಡ್ 8. 9210ರಿಂದ 9659 ಬ್ಯಾಂಡ್ 28. 38650ರಿಂದ 39649 ಬ್ಯಾಂಡ್ 40.

ನಾನು ಆ ಲಾರಿಯಲ್ಲೇ ಕೂತು ಹೋದೆ. ಕಲಬುರಗಿ ಬಿಡುವಾಗ ಫೋನ್ 40 ತೋರಿಸುತ್ತಿತ್ತು. ಮಹಾಗಾಂವ ಕ್ರಾಸ್ ಬಿಟ್ಟ ಮೇಲೆ 3. ಚಿಂಚೋಳಿ ಪೇಟೆಯಲ್ಲೂ 3. ಕಾಡಿನ ರಸ್ತೆ ಶುರುವಾಗಿ ಮೊದಲ ಇಳಿಜಾರು ಬಂತು ನೋಡಿ, 5. ಆಮೇಲೆ ಬರೀ 5. ಡ್ಯಾಶ್‌ಬೋರ್ಡ್ ಕೆಳಗೆ ಡಬ್ಬಿಯ ನೆಟ್‌ವರ್ಕ್ ದೀಪದ ಮಿಣುಕು ಬದಲಾದದ್ದು ಅದೇ ಇಳಿಜಾರಿನಲ್ಲಿ.

ಡಬ್ಬಿಗೆ ಯಾವ ಬ್ಯಾಂಡ್ ಕೇಳುತ್ತದೆ?

ಡಬ್ಬಿಯ ಮೇಲೆ ಇರುವ ಸ್ಟಿಕ್ಕರ್ ನಂಬಬೇಡಿ. ಬಿಚ್ಚಿ ಒಳಗಿನ ಮೋಡೆಂನ ತಗಡಿನ ಮೇಲೆ ಬರೆದ ಪೂರ್ತಿ ಮಾಡೆಲ್ ನಂಬರ್ ನೋಡಿ. ಕೊನೆಯ ಒಂದೆರಡು ಅಕ್ಷರಗಳಲ್ಲೇ ಅದು ಯಾವ ದೇಶದ್ದು ಅನ್ನುವ ಗುಟ್ಟು ಇರುತ್ತದೆ. ಆ ನಂಬರ್‌ನ ಡೇಟಾಶೀಟ್ (ತಯಾರಕರ ವಿವರ ಪತ್ರ) ತೆಗೆದು ಬ್ಯಾಂಡ್ ಪಟ್ಟಿ ಓದಿ. ಡಬ್ಬಿಗೆ ಸೀರಿಯಲ್ ಕೇಬಲ್ ಹಾಕಲು ಬರುವವರಾದರೆ ಮೋಡೆಮ್ಮನ್ನೇ ಕೇಳಬಹುದು. ಎಟಿ+ಸಿಎಸ್‌ಕ್ಯೂ ಕಮಾಂಡ್‌ಗೆ 0ರಿಂದ 31ರವರೆಗೆ ಒಂದು ಅಂಕಿ ಬರುತ್ತದೆ. ಅದನ್ನು ಎರಡರಿಂದ ಗುಣಿಸಿ 113 ಕಳೆದರೆ ಸಿಗ್ನಲ್ ಬಲ ಡಿಬಿಎಂ ಲೆಕ್ಕದಲ್ಲಿ ಸಿಗುತ್ತದೆ. 99 ಬಂದರೆ ಏನೂ ಕೇಳುತ್ತಿಲ್ಲ ಅಂತ. ಎಟಿ+ಸಿಇಆರ್‌ಇಜಿ? ಎಂದು ಕೇಳಿದರೆ ಬರುವ ಎರಡನೇ ಅಂಕಿ ಮುಖ್ಯ. 1 ಅಂದರೆ ಮನೆ ನೆಟ್‌ವರ್ಕ್, 5 ರೋಮಿಂಗ್, 2 ಹುಡುಕುತ್ತಿದೆ, 3 ಅಂದರೆ ನೆಟ್‌ವರ್ಕ್ ಬಾಗಿಲಲ್ಲೇ ವಾಪಸ್ ಕಳಿಸಿದೆ.

ಈ ಲಾರಿಯ ಡಬ್ಬಿ ಇಳಿಜಾರಿನ ಉದ್ದಕ್ಕೂ 2 ಅಂತಲೇ ಹೇಳಿತು. ಹುಡುಕುತ್ತಲೇ ಇತ್ತು ಪಾಪ.

ಡಬ್ಬಿ ಬಿಚ್ಚಿ, ಮೋಡೆಂ ನಂಬರ್ ಹಿಡಿದು ಡೇಟಾಶೀಟ್ ನೋಡಿದರೆ ಪಟ್ಟಿ ಹೀಗಿತ್ತು: 1, 3, 7, 8, 20, 28. ಅಪ್ಪಟ ಯುರೋಪ್ ಪಟ್ಟಿ. ಬ್ಯಾಂಡ್ 20 ನಮ್ಮಲ್ಲಿ ಬಳಕೆಯಲ್ಲೇ ಇಲ್ಲ. ಬೇಕಿದ್ದ 5 ಅದರಲ್ಲಿಲ್ಲ, 40ಕ್ಕೂ ಜಾಗವಿಲ್ಲ. ಕಾಡಿನಲ್ಲಿ ಟವರ್ ಕೂಗುತ್ತಿದ್ದದ್ದು ನಿಜ, ಡಬ್ಬಿಗೆ ಆ ದನಿಗೆ ಕಿವಿಯೇ ಇರಲಿಲ್ಲ. ಬ್ಯಾಂಡ್ 28 ಇದೆಯಲ್ಲ, 700 ಅಲ್ವಾ, ಅದು ಯಾಕೆ ಸಿಗಲಿಲ್ಲ ಅಂತ ನೀವು ಕೇಳಬಹುದು. ಅದು ಇನ್ನೊಂದು ಬಲೆ. ಅದೇ 700ರಲ್ಲಿ ಒಂದು ಕಂಪನಿ 5ಜಿ ನಡೆಸುತ್ತದೆ, ಇನ್ನೊಂದು 4ಜಿ ನಡೆಸುತ್ತದೆ. ಬಿಎಸ್‌ಎನ್‌ಎಲ್ ತನ್ನ 4ಜಿಗೆ 700 ಬಳಸುತ್ತದೆ. ಜಿಯೋ 2022ರ ಹರಾಜಿನಲ್ಲಿ ಕೊಂಡ 700 ಇರುವುದು 5ಜಿಗೆ. ಬ್ಯಾಂಡ್ ಒಂದೇ ಆದರೂ 4ಜಿ ಮೋಡೆಂಗೆ 5ಜಿ ಭಾಷೆ ಬರುವುದಿಲ್ಲ. ಹಾಗಾಗಿ ಪಟ್ಟಿಯಲ್ಲಿ ಬ್ಯಾಂಡ್ ಇದ್ದರೆ ಸಾಲದು. ಆ ಸಿಮ್ಮಿನ ಕಂಪನಿ, ಆ ಬ್ಯಾಂಡ್‌ನಲ್ಲಿ, ಡಬ್ಬಿಗೆ ಬರುವ ಭಾಷೆಯಲ್ಲೇ ಮಾತಾಡುತ್ತಿರಬೇಕು. ಮೂರೂ ಕೂಡಿ ಬರಬೇಕು.

ಕೊನೆಗೆ 2ಜಿಗಾದರೂ ಇಳಿಯಬಹುದಿತ್ತು. ಆದರೆ ಈ ಮೋಡೆಂ 4ಜಿ ಮಾತ್ರದ್ದು. ಡಬ್ಬಿ ಕೊಳ್ಳುವಾಗ 2ಜಿಗೆ ಇಳಿಯುವ ಸೌಲಭ್ಯ ಇದೆಯಾ ಅಂತ ಕೇಳುವವರು ಸಿಮ್ ಕಡೆಗೂ ನೋಡಬೇಕು. ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್‌ಗಳಲ್ಲಿ 2ಜಿ ಇದೆ. ಜಿಯೋದಲ್ಲಿ ಮೊದಲಿನಿಂದಲೂ 2ಜಿ ಇಲ್ಲ. ಇದು ಯಾರದೂ ತಪ್ಪಲ್ಲ, ಜೋಡಿ ಹೊಂದಿಸುವ ವಿಷಯ ಅಷ್ಟೇ. ತಪ್ಪು ಮಾಡಿದ್ದು ಯುರೋಪಿನ ಮೋಡೆಂ ಹಾಕಿ "ಆಲ್ ಇಂಡಿಯಾ 4ಜಿ" ಅಂತ ಸ್ಟಿಕ್ಕರ್ ಅಂಟಿಸಿ ಮಾರಿದವರು. ಫೋನ್ ಮಾಡಿದರೆ "ಸಾಫ್ಟ್‌ವೇರ್ ಅಪ್‌ಡೇಟ್ ಕಳಿಸ್ತೀವಿ" ಅಂದರು. ಇಲ್ಲದ ಬ್ಯಾಂಡನ್ನು ಸಾಫ್ಟ್‌ವೇರ್ ಹುಟ್ಟಿಸುವುದಿಲ್ಲ. ಅದಕ್ಕೆ ಬೇಕಾದ ಫಿಲ್ಟರ್, ಆಂಪ್ಲಿಫೈಯರ್ ಬೋರ್ಡ್ ಮೇಲೇ ಇರಬೇಕು.

ಪರಿಹಾರ ಮಾತ್ರ ಅಗ್ಗವಾಗಿ ಸಿಕ್ಕಿತು. ಪಟ್ಟಿಯಲ್ಲಿ 8 ಇತ್ತಲ್ಲ, ಅಂದರೆ 900. ಫೋನ್‌ಗೆ ಬೇರೆ ಕಂಪನಿಯ ಸಿಮ್ ಹಾಕಿ ಅದೇ ಇಳಿಜಾರಿನಲ್ಲಿ ನೋಡಿದೆ. ಬ್ಯಾಂಡ್ 8ರಲ್ಲಿ 4ಜಿ ಬರುತ್ತಿತ್ತು. ಆ ಕಂಪನಿಯ 13 ಅಂಕಿಯ ಎಂ2ಎಂ ಸಿಮ್ (ಯಂತ್ರಗಳಿಗೆಂದೇ ಕೊಡುವ ಸಿಮ್) ತರಿಸಿ ಹಾಕಿದೆವು. ಎಪಿಎನ್, ಅಂದರೆ ಡೇಟಾ ಯಾವ ದಾರಿಯಲ್ಲಿ ಹೋಗಬೇಕು ಅಂತ ಹೇಳುವ ಸೆಟ್ಟಿಂಗ್, ಬದಲಿಸುವುದನ್ನು ಮರೆಯಬೇಡಿ. ಹೊಸ ಸಿಮ್ ಹಾಕಿ ಹಳೇ ಎಪಿಎನ್ ಬಿಟ್ಟರೆ ನೆಟ್‌ವರ್ಕ್ ದೀಪ ನೆಟ್ಟಗೆ ಉರಿಯುತ್ತದೆ, ಡೇಟಾ ಮಾತ್ರ ಹೋಗುವುದಿಲ್ಲ.

ಆಂಟೆನಾ: ಇಲ್ಲಿ ಸ್ವಲ್ಪ ನಿಲ್ಲಬೇಕು

ಸಿಮ್ ಬದಲಿಸಿದ ಮೇಲೆ 50 ನಿಮಿಷದ ಖಾಲಿ ಜಾಗ 20ಕ್ಕೆ ಇಳಿಯಿತು. ಪೂರ್ತಿ ಹೋಗಲಿಲ್ಲ.

ಕಡಿಮೆ ಫ್ರೀಕ್ವೆನ್ಸಿಯ ಒಂದು ತಮಾಷೆ ಇದೆ. ದೂರ ತಲುಪುವುದು ಅದೇ, ಚಿಕ್ಕ ಡಬ್ಬಿಗೆ ಕಷ್ಟವಾಗುವುದೂ ಅದೇ. ಒಳ್ಳೆಯ ಆಂಟೆನಾ ಅಲೆಯ ಕಾಲು ಭಾಗದಷ್ಟಾದರೂ ಉದ್ದ ಇರಬೇಕು. 1800ಕ್ಕೆ ನಾಲ್ಕು ಸೆಂಟಿಮೀಟರ್ ಸಾಕು. 900ಕ್ಕೆ ಎಂಟಕ್ಕಿಂತ ಜಾಸ್ತಿ, 700ಕ್ಕೆ ಹತ್ತಕ್ಕಿಂತ ಜಾಸ್ತಿ. ಬೆಂಕಿಪೊಟ್ಟಣದಷ್ಟು ಡಬ್ಬಿಯಲ್ಲಿ ಅಷ್ಟು ಜಾಗ ಎಲ್ಲಿ? ಮಡಚಿ ಸುರುಳಿ ಮಾಡಿ ಕೂರಿಸುತ್ತಾರೆ. ಆಂಟೆನಾಗೆ ಜೊತೆಯಾಗಿ ಕೆಲಸ ಮಾಡಬೇಕಾದ ಬೋರ್ಡೂ ಗಿಡ್ಡ. ಹೀಗಾಗಿ ಮೇಲಿನ ಬ್ಯಾಂಡ್‌ನಲ್ಲಿ ಚುರುಕಾಗಿರುವ ಡಬ್ಬಿ ಕೆಳಗಿನ ಬ್ಯಾಂಡ್‌ನಲ್ಲಿ ಮಂಕಾಗಿರುತ್ತದೆ. ಇಂಥದ್ದನ್ನು ತಗಡಿಗೆ ಒತ್ತಿ ಕಟ್ಟಿದರೆ ಕಥೆ ಮುಗಿಯಿತು.

ಈ ಲಾರಿಯಲ್ಲಿ ಕಳ್ಳರಿಗೆ ಸಿಗಬಾರದು ಅಂತ ಡಬ್ಬಿಯನ್ನು ಡ್ಯಾಶ್‌ಬೋರ್ಡಿನ ಒಳಗೆ ಕಬ್ಬಿಣದ ಪಟ್ಟಿಗೆ ಜಿಪ್ ಟೈ ಹಾಕಿ ಬಿಗಿದಿದ್ದರು. ಮೇಲೆ ತಗಡು, ಹಿಂದೆ ತಗಡು. ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ ಸಿಎಸ್‌ಕ್ಯೂ ಅಂಕಿ ತೆಗೆದೆ: 6. ಅಂದರೆ ಮೈನಸ್ 101 ಡಿಬಿಎಂ. ಟೈ ಕತ್ತರಿಸಿ, ಡಬ್ಬಿಯನ್ನು ಗಾಜಿನ ಕೆಳಗಿನ ಪ್ಲಾಸ್ಟಿಕ್ ಭಾಗಕ್ಕೆ ತಂದು, ತಗಡಿನಿಂದ ಒಂದು ಗೇಣು ದೂರ ಹಿಡಿದೆ. ಎರಡು ನಿಮಿಷ ಬಿಟ್ಟು ನೋಡಿದರೆ 13. ಅಂದರೆ ಮೈನಸ್ 87. ಹದಿನಾಲ್ಕು ಡಿಬಿ! ಇಪ್ಪತ್ತೈದು ಪಟ್ಟು ಪವರ್, ಒಂದು ಜಿಪ್ ಟೈ ಬೆಲೆಗೆ. ಟವರ್ ಕಟ್ಟಿಸಿ ಅಂತ ಅರ್ಜಿ ಬರೆಯುವ ಮುಂಚೆ ಇದನ್ನು ಮಾಡಿ ನೋಡಿ ದಯವಿಟ್ಟು.

ಇನ್ನೊಂದು ಮಾತು. ಕಡ್ಡಿ ತೋರಿಸುವುದು ಟವರ್ ಮಾತು ನಮಗೆ ಎಷ್ಟು ಕೇಳಿತು ಅನ್ನುವುದನ್ನು ಮಾತ್ರ. ನಮ್ಮ ಮಾತು ಟವರ್‌ಗೆ ಕೇಳಿತಾ? ಅದನ್ನು ಕಡ್ಡಿ ಹೇಳುವುದಿಲ್ಲ. 4ಜಿ ಮೋಡೆಂ ಜಾಸ್ತಿ ಅಂದರೆ 200 ಮಿಲಿವ್ಯಾಟ್‌ನಲ್ಲಿ ಕೂಗುತ್ತದೆ. 900ರ 2ಜಿ ಮೋಡೆಂ 2 ವ್ಯಾಟ್‌ವರೆಗೆ ಕೂಗಬಲ್ಲದು. ಟವರ್ ಇವೆರಡಕ್ಕಿಂತ ಎಷ್ಟೋ ಜೋರು. ಆದ್ದರಿಂದ ಅಂಚಿನಲ್ಲಿ ಮೊದಲು ಸೋಲುವುದು ಡಬ್ಬಿಯ ದನಿ. "ಕಡ್ಡಿ ಅದಾವ, ಡೇಟಾ ಹೋಗವಲ್ದು" ಅನ್ನುವ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ. ಆಂಟೆನಾ ಸರಿ ಮಾಡಿದರೆ ಕೇಳುವುದು, ಕೂಗುವುದು ಎರಡೂ ಸುಧಾರಿಸುತ್ತವೆ.

ಸಿಗ್ನಲ್ ದೋಷದ ವೇಷ ಹಾಕುವ ಕರೆಂಟ್ ದೋಷ

ಇದನ್ನು ಕಲಿತದ್ದು ಶಹಾಬಾದ್ ಕಡೆಯ ಒಂದು ಟಿಪ್ಪರ್‌ನಲ್ಲಿ. 2ಜಿ ಡಬ್ಬಿ. ಊರಲ್ಲಿ ಸರಿ, ಗಣಿಯ ತಗ್ಗಿಗೆ ಇಳಿದರೆ ಸಾಕು ಮಾಯ. ಎಲ್ಲರೂ ನೆಟ್‌ವರ್ಕ್ ಇಲ್ಲ ಅಂದರು, ನಾನೂ ಅಂದೆ. ಎರಡು ಆಂಟೆನಾ ಬದಲಿಸಿದ ಮೇಲೆ ಲಾಗ್ ಸರಿಯಾಗಿ ಓದಿದೆ. ತಗ್ಗಿನಲ್ಲಿದ್ದಾಗ ಡಬ್ಬಿ ಪದೇ ಪದೇ ಹೊಸದಾಗಿ ಶುರುವಾಗುತ್ತಿತ್ತು.

ಟವರ್ ಹತ್ತಿರ ಇದ್ದಾಗ ಮೋಡೆಂ ಮೆಲ್ಲಗೆ ಮಾತಾಡುತ್ತದೆ. ಟವರೇ ಹಾಗೆ ಹೇಳುತ್ತದೆ. ದೂರ ಹೋದಾಗ ಜೋರಾಗಿ ಕೂಗುತ್ತದೆ. 2ಜಿ ಮೋಡೆಂ ಕೂಗುವ ಕ್ಷಣದಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ, ಪ್ರತಿ ಸೆಕೆಂಡಿಗೆ ಇನ್ನೂರು ಚಿಲ್ಲರೆ ಸಲ. ಆ ಹೊಡೆತ ತಡೆದುಕೊಳ್ಳಬೇಕಾದದ್ದು ಒಳಗಿನ ಚಿಕ್ಕ ಬ್ಯಾಟರಿ. ನಮ್ಮ ಮೇ ತಿಂಗಳ ಬಿಸಿಲು ಗೊತ್ತಲ್ಲ. ಹೊರಗೇ 42 ಡಿಗ್ರಿ, ಮುಚ್ಚಿದ ಕ್ಯಾಬಿನ್ ಒಳಗೆ ಕೇಳಬೇಡಿ. ಸಾಮಾನ್ಯ ಲಿಥಿಯಂ ಬ್ಯಾಟರಿ 45 ಡಿಗ್ರಿ ಮೇಲೆ ಚಾರ್ಜ್ ಮಾಡುವಂತಿಲ್ಲ. ಆ ಟಿಪ್ಪರ್‌ನ ಬ್ಯಾಟರಿ ಹಪ್ಪಳದ ಹಾಗೆ ಉಬ್ಬಿತ್ತು. ಜೊತೆಗೆ ಅರ್ತ್ ವೈರನ್ನು ಬಣ್ಣದ ಮೇಲೇ ಸ್ಕ್ರೂ ಹಾಕಿ ಕೂರಿಸಿದ್ದರು. ತಗ್ಗಿನಲ್ಲಿ ಜೋರಾಗಿ ಕೂಗಲು ಹೋದಾಗೆಲ್ಲ ವೋಲ್ಟೇಜ್ ಕುಸಿದು ಡಬ್ಬಿ ಆರುತ್ತಿತ್ತು. ಬ್ಯಾಟರಿ ಬದಲಿಸಿ, ಬಣ್ಣ ಕೆರೆದು ಅರ್ತ್ ಕೂರಿಸಿದೆ. ಅದೇ ತಗ್ಗಿನಲ್ಲಿ ಆಮೇಲೆ ಚೆನ್ನಾಗಿ ನಡೆಯಿತು.

ಮಲ್ಟಿಮೀಟರ್‌ಗೆ ಈ ಚಿಕ್ಕ ಕುಸಿತ ಕಾಣುವುದಿಲ್ಲ. ಲಾಗ್‌ನಲ್ಲಿ ರೀಸ್ಟಾರ್ಟ್ ಎಷ್ಟು, ಮುಖ್ಯ ಪವರ್ ಕಟ್ ಎಂಬ ಅಲರ್ಟ್ ಎಷ್ಟು ಅಂತ ಎಣಿಸಿ. ಸಿಗ್ನಲ್ ಇಲ್ಲದ ಡಬ್ಬಿ ಸುಮ್ನೆ ಕಾಯುತ್ತದೆ, ರೀಸ್ಟಾರ್ಟ್ ಆಗುವುದಿಲ್ಲ. ಆದರೆ ಸಿಗ್ನಲ್ ಸಿಗದಿದ್ದರೆ ತಾನೇ ರೀಸ್ಟಾರ್ಟ್ ಆಗುವ ಹಾಗೆ ಕೆಲವು ಡಬ್ಬಿಗಳಲ್ಲಿ ಸೆಟ್ಟಿಂಗ್ ಇರುತ್ತದೆ. ಅದೇನು ಅಂತ ಮೊದಲೇ ನೋಡಿಕೊಳ್ಳಿ.

ಗಡಿ ಊರುಗಳ ತಾಪತ್ರಯ

ಬೀದರ್‌ನಿಂದ ಜಹೀರಾಬಾದ್ ಕಡೆ, ಬಸವಕಲ್ಯಾಣದಿಂದ ಮಹಾರಾಷ್ಟ್ರ ಕಡೆ, ಸೇಡಂನಿಂದ ತಾಂಡೂರು ಕಡೆ ಓಡುವ ಗಾಡಿಗಳಿಗೆ ಇದು. ಟೆಲಿಕಾಂ ಲೆಕ್ಕದಲ್ಲಿ ಕರ್ನಾಟಕ ಒಂದು ಸರ್ಕಲ್, ಮಹಾರಾಷ್ಟ್ರ ಇನ್ನೊಂದು. ತೆಲಂಗಾಣ ಇರುವುದು ಆಂಧ್ರದ ಸರ್ಕಲ್‌ನಲ್ಲಿ. ಕಂಪನಿ ಒಂದೇ ಆದರೂ ಸರ್ಕಲ್ ಬದಲಾದರೆ ನೆಟ್‌ವರ್ಕ್ ಕೋಡ್ ಬೇರೆ. ಡಬ್ಬಿ ಅದನ್ನು ರೋಮಿಂಗ್ ಅಂತಲೇ ತಿಳಿಯುತ್ತದೆ. ಕಡಿಮೆ ಫ್ರೀಕ್ವೆನ್ಸಿ ಗಡಿ ಗೌರವಿಸುವುದಿಲ್ಲ. ಆಚೆಯ ಟವರ್‌ನ ದನಿ ಈಚೆ ಕಿಲೋಮೀಟರ್‌ಗಟ್ಟಲೆ ಬರುತ್ತದೆ. ಗಾಡಿ ನಮ್ಮ ಹಳ್ಳಿಯಲ್ಲೇ ಇದ್ದರೂ ಡಬ್ಬಿ ಆಚೆಯ ಟವರ್ ಹಿಡಿದಿರುತ್ತದೆ. ರೋಮಿಂಗ್ ಆಫ್ ಇದ್ದರೆ ಅಲ್ಲಿಗೆ ನಿಂತಿತು.

ಸಿಇಆರ್‌ಇಜಿಯಲ್ಲಿ 5 ಬಂದು ಡೇಟಾ ಹೋಗದಿದ್ದರೆ ಡಬ್ಬಿಯ ರೋಮಿಂಗ್ ಸೆಟ್ಟಿಂಗ್ ಆನ್ ಮಾಡಿ. 3 ಬಂದರೆ ಸಿಮ್ ಕೊಟ್ಟವರನ್ನು ಕೇಳಿ, ಪ್ಲಾನ್‌ನಲ್ಲಿ ರೋಮಿಂಗ್ ಮುಚ್ಚಿರಬಹುದು. ಒಮ್ಮೆ ನಿರಾಕರಿಸಿದ ನೆಟ್‌ವರ್ಕನ್ನು ಸಿಮ್ ತನ್ನ ನಿಷೇಧದ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಪ್ಲಾನ್ ಸರಿಯಾದ ಮೇಲೂ ಆ ಪಟ್ಟಿ ಅಳಿಸುವವರೆಗೆ ಅದರ ಕಡೆ ತಿರುಗಿ ನೋಡದೇ ಇರಬಹುದು.

ಲಾರಿಗೆ ವಾಪಸ್

ಸಿಮ್ ಬದಲಾಯಿತು, ಡಬ್ಬಿ ಗಾಜಿನ ಕೆಳಗೆ ಬಂತು. ಉಳಿದದ್ದು ಒಂದು ಸೆಟ್ಟಿಂಗ್. ಬಹಳ ಹೊತ್ತು ಸಿಗ್ನಲ್ ಸಿಗದಿದ್ದರೆ ಮೋಡೆಂ ಬೇಸತ್ತು ಹುಡುಕುವ ಅಂತರ ಹೆಚ್ಚಿಸಿಕೊಳ್ಳುತ್ತದೆ. ಟವರ್ ಕೆಳಗೇ ಗಾಡಿ ಬಂದು ನಿಂತರೂ ಅದು ಕೆಲವು ನಿಮಿಷ ನಿದ್ದೆಯಲ್ಲೇ ಇರುತ್ತದೆ. ಮೊದಲಿನ 50 ನಿಮಿಷದಲ್ಲಿ ಈ ನಿದ್ದೆಯ ಪಾಲೂ ಇತ್ತು. ಐದು ನಿಮಿಷ ಸರ್ವರ್ ಸಿಗದಿದ್ದರೆ ಮೋಡೆಮ್ಮನ್ನು ಎಬ್ಬಿಸಿ ಮತ್ತೆ ಹುಡುಕಿಸುವ ಹಾಗೆ ಡಬ್ಬಿಗೆ ಹೇಳಿದೆ. ಇದಕ್ಕಿಂತ ಬೇಗ ಎಬ್ಬಿಸಬೇಡಿ. ಪ್ರತಿ ಸಲ ಎದ್ದಾಗಲೂ ಎಲ್ಲ ಬ್ಯಾಂಡ್ ಹುಡುಕಲು ಅದಕ್ಕೆ ಸಮಯ ಬೇಕು.

ಹೊಟ್ಟೆಯಲ್ಲಿ ಎಷ್ಟು ಪ್ಯಾಕೆಟ್ ಹಿಡಿಯುತ್ತದೆ ಅನ್ನುವುದನ್ನೂ ನೋಡಿಟ್ಟುಕೊಳ್ಳಿ. ಎಐಎಸ್ 140 ಡಬ್ಬಿಗೆ ಕನಿಷ್ಠ 40,000 ಹಿಡಿಯಬೇಕು ಅಂತ ನಿಯಮ. 10 ಸೆಕೆಂಡಿಗೆ ಒಂದರಂತೆ ಬರೆದರೂ ನಾಲ್ಕು ದಿನಕ್ಕಿಂತ ಜಾಸ್ತಿ ಬರುತ್ತದೆ. ಅಗ್ಗದ ಡಬ್ಬಿಗಳಿಗೆ ಅಂಥ ಕಟ್ಟುಪಾಡು ಇಲ್ಲ.

ಮುಂದಿನ ಟ್ರಿಪ್‌ನಲ್ಲಿ ಖಾಲಿ ಜಾಗ ನಾಲ್ಕು ನಿಮಿಷಕ್ಕೆ ಇಳಿದಿತ್ತು. ಅದು ಗುಡ್ಡದ ಬೆನ್ನಿಗೆ ಅಂಟಿಕೊಂಡು ರಸ್ತೆ ಕೆಳಗಿಳಿಯುವ ತುಂಡು. ಅಲ್ಲಿ ನನ್ನ ಫೋನ್‌ನಲ್ಲೂ ಎರಡೂ ಸಿಮ್ ಸತ್ತಿದ್ದವು. ಅದನ್ನು ನಾನು ಸರಿ ಮಾಡಲಾರೆ ಅಂತ ಮಾಲಕರಿಗೆ ಹೇಳಿ, ಜಾಬ್ ಕಾರ್ಡ್ ಮೇಲೆ ಆ ತಿರುವಿನ ಗುರುತು ಬರೆದು, "ಇಲ್ಲಿ 4 ನಿಮಿಷ ಗಾಡಿ ಕಾಣುವುದಿಲ್ಲ" ಅಂತ ಷರಾ ಹಾಕಿದೆ. ಡ್ರೈವರ್ ಆ ಕಾರ್ಡಿನ ಫೋಟೋ ತೆಗೆದುಕೊಂಡು ಹೋದ.